ನಡುಮನೆ, ಕೊಟ್ಟಿಗೆ, ಜಗಲಿ: ಒಂದೇ ಫೈಬರ್ ಸಂಪರ್ಕವನ್ನು ಮೂರು ಭಾಗ ಮಾಡುವ ಸಮಗ್ರ ಮಾರ್ಗದರ್ಶಿ

ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲೋ ಅಶೋಕನಗರದಲ್ಲೋ 30×40 ಸೈಟಿನಲ್ಲಿ ಕಟ್ಟಿದ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಕೆಳಗೆ ಮಾಲೀಕರ ಸಂಸಾರ, ಮಹಡಿ ಮೇಲೆ ಬಾಡಿಗೆಗೆ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ರಸ್ತೆ ಕಡೆಗೆ ಒಂದು ಅಂಗಡಿ ಮಳಿಗೆ. ಫೈಬರ್ ಸಂಪರ್ಕ ಮಾತ್ರ ಒಂದೇ. ಮನೆಯವರ ಫೋನುಗಳು, ಬ್ಯಾಂಕಿನ ಕೆಲಸ ನಡೆಯುವ ಲ್ಯಾಪ್‌ಟಾಪ್, ಮಗಳ ಕಂಪನಿ ಲ್ಯಾಪ್‌ಟಾಪ್, ಪ್ರಿಂಟರ್, ಸ್ಮಾರ್ಟ್ ಟಿವಿ, ಗೀಸರಿನ ವೈಫೈ ಪ್ಲಗ್, ನಾಲ್ಕು ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ, ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್, ಮೇಲಿನ ಹುಡುಗರ ಫೋನು-ಲ್ಯಾಪ್‌ಟಾಪ್‌ಗಳು, ಎಲ್ಲವೂ ಅದಕ್ಕೇ ಜೋತುಬಿದ್ದಿವೆ. ವೈಫೈ ಪಾಸ್‌ವರ್ಡ್ ಕೂಡ ಎಲ್ಲಕ್ಕೂ ಒಂದೇ. ಹೀಗಿದ್ದಾಗ ಮೇಲಿನ ಮನೆಯ ಲ್ಯಾಪ್‌ಟಾಪ್ ಕೆಳಗಿನ ಡಿವಿಆರ್‌ನ ಲಾಗಿನ್ ಪುಟ ತೆರೆಯಬಹುದು, ಟಿವಿಯೊಳಗೆ ಸೇರಿಕೊಂಡ ಕೆಟ್ಟ ಆ್ಯಪ್ ಬ್ಯಾಂಕಿನ ಲ್ಯಾಪ್‌ಟಾಪನ್ನು ತಡಕಬಹುದು. ತಡೆಯುವವರು ಯಾರೂ ಇಲ್ಲ.

ಇದು ಬರೀ ಕಲ್ಪನೆಯ ಭಯವಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶ ಮಾಡಿಕೊಂಡಿತು. ಅದರ ಕೈಲಿದ್ದ ಆಯುಧವೆಂದರೆ ಕಾರ್ಖಾನೆಯಲ್ಲೇ ಹಾಕಿ ಕಳಿಸುವ 60ರಷ್ಟು ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಆ ವರ್ಷ ಅಕ್ಟೋಬರ್ 21ರಂದು ಅಂಥ ಉಪಕರಣಗಳನ್ನು ಒಟ್ಟಿಗೆ ನುಗ್ಗಿಸಿ ಡೈನ್ ಎಂಬ ಡಿಎನ್‌ಎಸ್ (ತಾಣದ ಹೆಸರಿಗೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ) ಕಂಪನಿಯನ್ನು ಉಸಿರುಗಟ್ಟಿಸಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವರಿಗೆ ಸಿಗದಾದವು. ಗೋಡೆಗೆ ಹೊಡೆದು ಮರೆತುಬಿಟ್ಟ ಪೆಟ್ಟಿಗೆಯೇ ಇಂಥವರಿಗೆ ಸುಲಭದ ಬಾಗಿಲು.

ಹಳೆಯ ಮನೆಗಳಲ್ಲಿ ಈ ವಿವೇಕ ಕಟ್ಟಡದಲ್ಲೇ ಇತ್ತು. ಬಂದವರು ಜಗಲಿಯಲ್ಲಿ ಕೂರುತ್ತಿದ್ದರು, ದನ ಕೊಟ್ಟಿಗೆಯಲ್ಲಿ, ಮನೆಯವರು ನಡುಮನೆಯಲ್ಲಿ. ಮನೆಯವರು ಕೊಟ್ಟಿಗೆಗೆ ಹೋಗಿಬರುತ್ತಾರೆ, ದನ ನಡುಮನೆಗೆ ಬರುವುದಿಲ್ಲ. ನೆಟ್‌ವರ್ಕಿನಲ್ಲಿ ಮಾಡಬೇಕಾದ್ದೂ ಇದನ್ನೇ. ಮುಂದೆ ಈ ಮೂರು ಹೆಸರುಗಳನ್ನೇ ಬಳಸುತ್ತೇವೆ. ಬೇರ್ಪಡಿಸುವುದು ಅಂದರೆ ಗೋಡೆ ಎಬ್ಬಿಸುವುದು ಮಾತ್ರವಲ್ಲ, ಯಾವ ಕಡೆಯಿಂದ ಯಾವ ಕಡೆಗೆ ಬಾಗಿಲು ತೆರೆಯಬೇಕು ಎಂದು ತೀರ್ಮಾನಿಸುವುದು. ಹೆಚ್ಚಿನವರು ಎಡವುವುದು ಈ ದಿಕ್ಕಿನ ವಿಷಯದಲ್ಲೇ.

ಮೊದಲು ಪಟ್ಟಿ

ಏನನ್ನೂ ಕೊಳ್ಳುವ ಮೊದಲು ರೂಟರ್‌ನ ಪುಟ ತೆರೆಯಿರಿ. ವಿಳಾಸ ಸಾಮಾನ್ಯವಾಗಿ 192.168.1.1, ಜಿಯೋಫೈಬರ್ ಪೆಟ್ಟಿಗೆಯಲ್ಲಿ 192.168.29.1. ಲಾಗಿನ್ ವಿವರ ಸಾಮಾನ್ಯವಾಗಿ ಪೆಟ್ಟಿಗೆಯ ತಳದ ಚೀಟಿಯಲ್ಲಿರುತ್ತದೆ. 'ಕನೆಕ್ಟೆಡ್ ಡಿವೈಸಸ್' ಅಥವಾ 'ಡಿಎಚ್‌ಸಿಪಿ ಕ್ಲೈಂಟ್ಸ್' ಎಂಬಲ್ಲಿ ಸಂಪರ್ಕದಲ್ಲಿರುವ ಉಪಕರಣಗಳೆಲ್ಲ ಕಾಣುತ್ತವೆ. ಒಂದೊಂದನ್ನೂ ಕಾಗದದ ಮೇಲೆ ಬರೆದುಕೊಳ್ಳಿ.

ಗುರುತು ಸಿಗದ ಹೆಸರು ಬಂದರೆ ಅದರ ಮ್ಯಾಕ್ ವಿಳಾಸ (ಉಪಕರಣದ ಗುರುತಿನ ಸಂಖ್ಯೆ) ನೋಡಿ. ಮೊದಲ ಆರು ಅಂಕೆ-ಅಕ್ಷರಗಳು ತಯಾರಕರನ್ನು ತಿಳಿಸುತ್ತವೆ. ಆದರೆ ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ಫೋನು ತಾನೇ ಹುಟ್ಟಿಸಿಕೊಂಡ ಸುಳ್ಳು ವಿಳಾಸ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರ ನಂತರದ ಫೋನುಗಳು ಖಾಸಗಿತನಕ್ಕಾಗಿ ಹೀಗೆ ಮಾಡುತ್ತವೆ, ಗಾಬರಿ ಬೇಡ. ಇಷ್ಟಾದರೂ ತಿಳಿಯದಿದ್ದರೆ ಅನುಮಾನ ಇರುವ ಉಪಕರಣದ ಸ್ವಿಚ್ ಆರಿಸಿ, ಪಟ್ಟಿಯಲ್ಲಿ ಯಾವುದು ಮಾಯವಾಯಿತು ಎಂದು ನೋಡಿ.

ಕೆಲವು ವಸ್ತುಗಳು ನಿಮ್ಮ ನೆಟ್‌ವರ್ಕಿನಲ್ಲೇ ಇರುವುದಿಲ್ಲ. ಗುಬ್ಬಿ ಕಡೆಯ ತೋಟದ ಬೋರ್‌ವೆಲ್‌ಗೆ ಹಾಕಿಸಿದ ಸಿಮ್ ಇರುವ ಮೊಬೈಲ್ ಸ್ಟಾರ್ಟರ್, ಸಿಮ್ ಇರುವ ಯುಪಿಐ ಸೌಂಡ್ ಬಾಕ್ಸ್ ಇಂಥವು. ದುಂಡನೆಯ ಕೋಆಕ್ಸಿಯಲ್ ಕೇಬಲ್‌ನಲ್ಲಿ ಡಿವಿಆರ್‌ಗೆ ಬರುವ ಕ್ಯಾಮೆರಾಗಳೂ ಅಷ್ಟೇ. ಅವಕ್ಕೆ ಐಪಿ ವಿಳಾಸವಿಲ್ಲ, ನೆಟ್‌ವರ್ಕಿನಲ್ಲಿ ಇರುವುದು ಡಿವಿಆರ್ ಒಂದೇ. ಕ್ಯಾಮೆರಾ ನಾಲ್ಕಿದ್ದರೂ ಕಟ್ಟಿಹಾಕಬೇಕಾದ್ದು ಒಂದನ್ನು.

ಈಗ ಪಾಲು ಮಾಡಿ. ಮನೆಯವರ ಫೋನು, ಸ್ವಂತ ಲ್ಯಾಪ್‌ಟಾಪ್, ಪ್ರಿಂಟರ್ ನಡುಮನೆಗೆ. ಟಿವಿ, ಪ್ಲಗ್, ಡಿವಿಆರ್ ಕೊಟ್ಟಿಗೆಗೆ. ಬಾಡಿಗೆಯವರು ಮತ್ತು ನೆಂಟರು ಜಗಲಿಗೆ. ಕಂಪನಿ ಲ್ಯಾಪ್‌ಟಾಪ್ ನಡುಮನೆಗೆ ಸೇರಬೇಕು ಅನ್ನಿಸುತ್ತದೆ, ಆದರೆ ಅದರ ಜಾಗ ಜಗಲಿಯೇ. ಅದರ ಹತೋಟಿ ನಿಮ್ಮ ಕೈಲಿಲ್ಲ, ಅದಕ್ಕೆ ಬೇಕಿರುವುದು ಇಂಟರ್ನೆಟ್ ಮಾತ್ರ. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರನ್ನು ಮನೆಯವರೇ ನೋಡಿಕೊಳ್ಳುತ್ತಿದ್ದರೆ ನಡುಮನೆ, ಮಳಿಗೆ ಬಾಡಿಗೆಗೆ ಕೊಟ್ಟಿದ್ದರೆ ಜಗಲಿ.

ದಾರಿ ಒಂದು: ಗೆಸ್ಟ್ ನೆಟ್‌ವರ್ಕ್, ಖರ್ಚಿಲ್ಲದೆ

ರೂಟರ್‌ನ ವೈಫೈ ಸೆಟ್ಟಿಂಗ್‌ನಲ್ಲಿ 'ಗೆಸ್ಟ್ ನೆಟ್‌ವರ್ಕ್' ಆನ್ ಮಾಡಿ, ಬೇರೆ ಹೆಸರು ಮತ್ತು ಬೇರೆ ಪಾಸ್‌ವರ್ಡ್ ಕೊಡಿ. ಅತಿಥಿಗಳಿಗೆ ಲೋಕಲ್ ನೆಟ್‌ವರ್ಕ್ ಬಳಸಲು ಬಿಡಬೇಕೇ ಎಂಬ ಆಯ್ಕೆ ಅಲ್ಲೇ ಇರುತ್ತದೆ. ಅದು ಆಫ್ ಆಗಿರಬೇಕು. ಭದ್ರತೆಗೆ ಡಬ್ಲ್ಯುಪಿಎ2 ಆರಿಸಿ, ಏಕೆಂದರೆ ಅಗ್ಗದ ಪ್ಲಗ್, ಬಲ್ಬುಗಳಲ್ಲಿ ಹಲವಕ್ಕೆ ಡಬ್ಲ್ಯುಪಿಎ3 ಅರ್ಥವಾಗುವುದಿಲ್ಲ. ಅವುಗಳಿಗಾಗಿ 2.4 ಗಿಗಾಹರ್ಟ್ಸ್ ಕೂಡ ಆನ್ ಇರಲಿ, 5 ಗಿಗಾಹರ್ಟ್ಸ್ ಅವಕ್ಕೆ ಕಾಣದು.

ಹಳೆ ವೈಫೈನಲ್ಲಿ ಸೇರಿಸಿದ್ದ ಪ್ಲಗ್ ಹೊಸ ವೈಫೈಗೆ ತಾನಾಗಿ ಬರುವುದಿಲ್ಲ. ಅದರ ಗುಂಡಿಯನ್ನು ದೀಪ ಬೇಗಬೇಗ ಮಿನುಗುವವರೆಗೆ ಒತ್ತಿ ಹಿಡಿದು ಮತ್ತೆ ಜೋಡಿಸಬೇಕು. ಆ ಹೊತ್ತಿಗೆ ನಿಮ್ಮ ಫೋನೂ ಅದೇ ಗೆಸ್ಟ್ ವೈಫೈನಲ್ಲಿರಲಿ. ಜೋಡಣೆಯಾದ ಮೇಲೆ ಫೋನನ್ನು ನಡುಮನೆಗೆ ಮರಳಿಸಿ. ಪ್ಲಗ್‌ನ ಆ್ಯಪ್ ಕಂಪನಿಯ ಸರ್ವರ್ ಮೂಲಕ ಮಾತಾಡುವುದರಿಂದ ಆನ್-ಆಫ್ ಮೊದಲಿನಂತೆಯೇ ನಡೆಯುತ್ತದೆ. ನಿಂತುಹೋಗುವುದು ಫೋನಿನಿಂದ ಟಿವಿಗೆ ವಿಡಿಯೋ ಕಾಸ್ಟ್ ಮಾಡುವುದು. ಗೆಸ್ಟ್ ವೈಫೈ ಒಳಗಿನವರನ್ನೂ ಪರಸ್ಪರ ಬೇರ್ಪಡಿಸಿಡುವುದರಿಂದ ಫೋನನ್ನು ಅಲ್ಲಿಗೆ ಒಯ್ದರೂ ಟಿವಿ ಕಾಣದಿರಬಹುದು. ಕಾಸ್ಟ್ ಮಾಡದೆ ಇರಲಾಗದವರು ಟಿವಿಯ ಒಳಗಿನ ಆ್ಯಪ್‌ನಲ್ಲೇ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು, ಇಲ್ಲವೇ ಮೂರನೆಯ ದಾರಿ ಹಿಡಿಯಬೇಕು.

ಈ ದಾರಿಯಲ್ಲಿ ಮೂರು ತೊಡಕುಗಳಿವೆ. ಒಂದು, ಸಂಪರ್ಕದವರು ಕೊಟ್ಟ ಕೆಲವು ಪೆಟ್ಟಿಗೆಗಳಲ್ಲಿ ಎರಡನೆಯ ವೈಫೈ ಹೆಸರು ಬರೀ ಹೆಸರು. ಒಳಗೆ ಎರಡೂ ಒಂದೇ. ಎರಡು, ನೀವು ಕೊಂಡ ರೂಟರನ್ನು 'ಆಕ್ಸೆಸ್ ಪಾಯಿಂಟ್ ಮೋಡ್'ನಲ್ಲಿ ಇಟ್ಟಿದ್ದರೆ ವಿಳಾಸ ಹಂಚುವುದು ಫೈಬರ್ ಪೆಟ್ಟಿಗೆಯಾಗಿರುತ್ತದೆ, ಆಗ ಎಷ್ಟೋ ಮಾದರಿಗಳಲ್ಲಿ ಗೆಸ್ಟ್ ಬೇಲಿ ಕೆಲಸ ಮಾಡುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಗೆಸ್ಟ್ ವೈಫೈ ಗಾಳಿಯಲ್ಲಿ ಬರುವವರನ್ನು ಮಾತ್ರ ಕಟ್ಟಿಹಾಕುತ್ತದೆ. ಡಿವಿಆರ್ ಲ್ಯಾನ್ ಕೇಬಲ್‌ನಲ್ಲಿ ನೇರ ಪೆಟ್ಟಿಗೆಗೆ ಚುಚ್ಚಿಕೊಂಡಿದ್ದರೆ ಅದು ಇನ್ನೂ ನಡುಮನೆಯ ಮಧ್ಯದಲ್ಲೇ ಕೂತಿದೆ.

ದಾರಿ ಎರಡು: ಎರಡು ರೂಟರ್

ಬಾಡಿಗೆಯವರೂ ಡಿವಿಆರೂ ಇರುವ ಸಾಮಾನ್ಯ ಮನೆಗೆ ನಾವು ಹೇಳುವುದು ಇದನ್ನೇ. ಬೇಕಾದ್ದು ಒಂದು ಸಾಧಾರಣ ವೈಫೈ ರೂಟರ್, ಒಂದು ಲ್ಯಾನ್ ಕೇಬಲ್, ಅರ್ಧ ದಿನದ ಬಿಡುವು.

ಫೈಬರ್ ಪೆಟ್ಟಿಗೆಯ ಒಂದು ಲ್ಯಾನ್ ಪೋರ್ಟಿನಿಂದ ಹೊಸ ರೂಟರ್‌ನ 'ವ್ಯಾನ್' (ಇಂಟರ್ನೆಟ್ ಬರುವ ಕಡೆಯ) ಪೋರ್ಟಿಗೆ ಕೇಬಲ್ ಹಾಕಿ. ವ್ಯಾನ್ ಪೋರ್ಟ್ ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿರುತ್ತದೆ. ತಪ್ಪಿ ಲ್ಯಾನ್ ಪೋರ್ಟಿಗೆ ಹಾಕಿದರೆ ಎರಡೂ ಪೆಟ್ಟಿಗೆಗಳು ಒಂದೇ ಜಾಲದಲ್ಲಿ ಪೈಪೋಟಿಗೆ ಬಿದ್ದು ವಿಳಾಸ ಹಂಚುತ್ತವೆ. ಇಂಟರ್ನೆಟ್ ಒಂದು ಗಳಿಗೆ ಬಂದು ಒಂದು ಗಳಿಗೆ ಹೋಗುತ್ತದೆ. ವ್ಯಾನ್ ವಿಧಾನ 'ಡೈನಮಿಕ್ ಐಪಿ' ಇರಲಿ. ಹೊಸ ರೂಟರ್‌ನ ಲ್ಯಾನ್ ವಿಳಾಸವನ್ನು 192.168.50.1 ಎಂದು ಬದಲಿಸಿ. ಎರಡರಲ್ಲೂ 192.168.1 ಸಾಲೇ ಇದ್ದರೆ ಒಳಗೆ ಹೊರಗೆ ಯಾವುದೆಂದು ರೂಟರ್‌ಗೆ ತಿಳಿಯದೆ ಸಂಪರ್ಕವೇ ನಿಲ್ಲುತ್ತದೆ.

ಯಾರು ಯಾವ ಪೆಟ್ಟಿಗೆಗೆ? ಹೊಸ ರೂಟರ್ ತಂದವರು ಸಹಜವಾಗಿ ಟಿವಿ-ಕ್ಯಾಮೆರಾಗಳನ್ನೋ ಬಾಡಿಗೆಯವರನ್ನೋ ಅದಕ್ಕೆ ಸಾಗಹಾಕಿ, ತಮ್ಮ ಫೋನು-ಲ್ಯಾಪ್‌ಟಾಪ್ ಹಳೆಯದರಲ್ಲೇ ಬಿಡುತ್ತಾರೆ. ಇದು ಪೂರ್ತಿ ತಿರುಗುಮುರುಗು. ಒಳಗಿನ ರೂಟರ್ ತನ್ನ ಹೊರಗಿನಿಂದ ಒಳಗೆ ಬರುವುದನ್ನು ತಡೆಯುತ್ತದೆಯೇ ಹೊರತು ಒಳಗಿನಿಂದ ಹೊರಗೆ ಹೋಗುವುದನ್ನಲ್ಲ. ಅದರ ಪಾಲಿಗೆ ಫೈಬರ್ ಪೆಟ್ಟಿಗೆಯ ಜಾಲವೂ 'ಹೊರಗೆ', ಅಮೆರಿಕದ ಸರ್ವರೂ 'ಹೊರಗೆ'. ಹಾಗಾಗಿ ಒಳ ರೂಟರ್‌ಗೆ ಹಾಕಿದ ಟಿವಿ, ಹೊರ ಜಾಲದಲ್ಲಿರುವ ನಿಮ್ಮ ಲ್ಯಾಪ್‌ಟಾಪನ್ನು ಆರಾಮಾಗಿ ಮುಟ್ಟುತ್ತದೆ. ನೆನಪಿಡಬೇಕಾದ್ದು: ನಂಬುವವರು ಒಳ ರೂಟರ್‌ಗೆ, ನಂಬದವರು ಫೈಬರ್ ಪೆಟ್ಟಿಗೆಗೆ. ಹೊಸ ರೂಟರೇ ನಡುಮನೆ.

ಹೀಗೆ ಮಾಡಿದಾಗ ಒಂದು ಅನುಕೂಲ ತಾನಾಗಿ ಒದಗುತ್ತದೆ. ನಡುಮನೆಯ ಫೋನಿನಿಂದ ಹೊರ ಜಾಲದ ಡಿವಿಆರನ್ನು ನೋಡಬಹುದು, ಡಿವಿಆರ್‌ನಿಂದ ಫೋನಿನ ಕಡೆಗೆ ದಾರಿ ಇಲ್ಲ. ಇದಕ್ಕಾಗಿ ಫೈಬರ್ ಪೆಟ್ಟಿಗೆಯ 'ಅಡ್ರೆಸ್ ರಿಸರ್ವೇಶನ್'ನಲ್ಲಿ ಡಿವಿಆರ್‌ಗೆ 192.168.1.20ರಂತೆ ಒಂದು ಕಾಯಂ ವಿಳಾಸ ಕೊಡಿ. ಇಲ್ಲದಿದ್ದರೆ ಒಂದು ಸಲ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ ಆ್ಯಪ್ ಹುಡುಕಾಡುತ್ತದೆ.

ಇದರ ಮಿತಿಯನ್ನೂ ತಿಳಿದಿರಬೇಕು. ಹೊರ ಜಾಲದಲ್ಲಿ ಕೊಟ್ಟಿಗೆಯೂ ಜಗಲಿಯೂ ಬೆರೆತೇ ಇವೆ: ಮೇಲಿನ ಹುಡುಗರಿಗೆ ಡಿವಿಆರ್‌ನ ಲಾಗಿನ್ ಪುಟ ಕಾಣುತ್ತದೆ, ಫೈಬರ್ ಪೆಟ್ಟಿಗೆಯದೂ ಕಾಣುತ್ತದೆ. ಎರಡರ ಪಾಸ್‌ವರ್ಡನ್ನೂ ಬದಲಿಸಲೇಬೇಕು. ಬಾಡಿಗೆಯವರಿಗೆ ಅದೇ ಪೆಟ್ಟಿಗೆಯ ಗೆಸ್ಟ್ ವೈಫೈ ಕೊಟ್ಟರೆ ಆ ಬೆರಕೆಯೂ ಬಿಡಿಸಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಸರಿಯಾದ ಗೆಸ್ಟ್ ಸೌಲಭ್ಯ ಇಲ್ಲವಾದರೆ ಮೂರನೆಯ ರೂಟರ್ ತಂದು ಅದನ್ನೂ ನೇರ ಫೈಬರ್ ಪೆಟ್ಟಿಗೆಗೆ ಜೋಡಿಸಿ, ಡಿವಿಆರ್ ಮತ್ತು ಟಿವಿಯನ್ನು ಅದರೊಳಗೆ ಹಾಕಿ. ಕವಲೊಡೆದ ಕೊಂಬೆಯ ಹಾಗೆ ಎರಡು ಒಳ ರೂಟರ್‌ಗಳು ಅಕ್ಕಪಕ್ಕ ನಿಲ್ಲುತ್ತವೆ, ಒಂದರೊಳಗಿನದು ಇನ್ನೊಂದಕ್ಕೆ ಸಿಗದು. ಆದರೆ ಆಗ ಫೋನಿನಿಂದ ಡಿವಿಆರ್‌ಗೂ ನೇರ ದಾರಿ ಇರುವುದಿಲ್ಲ, ತಯಾರಕರ ಸರ್ವರ್ ಮೂಲಕವೇ ನೋಡಬೇಕಾಗುತ್ತದೆ.

ಹೊರ ಜಾಲದಲ್ಲಿ ಕೆಟ್ಟ ಉಪಕರಣ ಇದ್ದರೆ ಅದು ನಡುವೆ ನಿಂತು ನಡುಮನೆಯವರ ಸಂಚಾರವನ್ನು ಕದ್ದು ನೋಡಲು ಯತ್ನಿಸಬಹುದು. ಬ್ಯಾಂಕಿನ ತಾಣಗಳು ಗೂಢಲಿಪಿಯಲ್ಲೇ ಇರುವುದರಿಂದ ಒಳಗಿನ ಮಾತು ಓದಲಾಗದು. ಆದರೂ ಒಳ ರೂಟರ್‌ನಲ್ಲಿ ಡಿಎನ್‌ಎಸ್ ಅನ್ನು 1.1.1.1 ಅಥವಾ 8.8.8.8ಕ್ಕೆ ಬದಲಿಸಿ, ಗೂಢಲಿಪಿಯ ಡಿಎನ್‌ಎಸ್ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ.

ಹೊಸ ಪೀಳಿಗೆಯ ವಿಳಾಸ ಪದ್ಧತಿಯಾದ ಐಪಿವಿ6 ಬಗ್ಗೆ ಒಂದು ಎಚ್ಚರಿಕೆ. ಮೇಲೆ ಹೇಳಿದ ತಡೆಯಲ್ಲಿ ಒಂದಷ್ಟು ಪಾಲು ಬರುವುದು ವಿಳಾಸ ಮರೆಮಾಡುವ 'ನ್ಯಾಟ್'ನಿಂದ. ಐಪಿವಿ6ನಲ್ಲಿ ಸಾಮಾನ್ಯವಾಗಿ ನ್ಯಾಟ್ ಇರುವುದಿಲ್ಲ, ಪ್ರತಿ ಉಪಕರಣಕ್ಕೂ ಜಗತ್ತಿಗೇ ತಿಳಿಯುವ ವಿಳಾಸ ಬರುತ್ತದೆ. ಅಲ್ಲಿ ಕಾಯುವುದು ಫೈರ್‌ವಾಲ್ ಮಾತ್ರ. ಒಳ ರೂಟರ್‌ನಲ್ಲಿ ಐಪಿವಿ6 ಫೈರ್‌ವಾಲ್ ಆನ್ ಇದೆಯೇ ನೋಡಿ. ಆ ಆಯ್ಕೆಯೇ ಇಲ್ಲದ ರೂಟರಾದರೆ ಅದರಲ್ಲಿ ಐಪಿವಿ6 ಆರಿಸಿಬಿಡುವುದೇ ಮೇಲು.

ಕರೆಂಟಿನ ಲೆಕ್ಕ

ಎರಡು ಪೆಟ್ಟಿಗೆ ಎಂದರೆ ಎರಡು ಅಡಾಪ್ಟರ್. ಕರೆಂಟ್ ಹೋದಾಗ ಒಂದಕ್ಕೆ ಮಾತ್ರ ಬ್ಯಾಕಪ್ ಇದ್ದರೆ ಒಳಗಿನವರಿಗೆ ಇಂಟರ್ನೆಟ್ ಇರುವುದಿಲ್ಲ. ಮಿನಿ ಯುಪಿಎಸ್ ಕೊಳ್ಳುವ ಮುಂಚೆ ಎರಡೂ ಅಡಾಪ್ಟರ್‌ಗಳ ಮೇಲಿನ 'ಔಟ್‌ಪುಟ್' ಸಾಲು ಓದಿ. ಫೈಬರ್ ಪೆಟ್ಟಿಗೆ 12 ವೋಲ್ಟ್ 1.5 ಆಂಪ್, ರೂಟರ್ 12 ವೋಲ್ಟ್ 1 ಆಂಪ್ ಎಂದಿದ್ದರೆ ಒಟ್ಟು 2.5 ಆಂಪ್, 2 ಆಂಪ್‌ನ ಯುಪಿಎಸ್‌ಗೆ ಎರಡನ್ನೂ ಹಾಕಿದರೆ ಜೋರು ಬಳಕೆಯ ಹೊತ್ತಿನಲ್ಲಿ ಪೆಟ್ಟಿಗೆ ತಾನೇ ರೀಸ್ಟಾರ್ಟ್ ಆಗಬಹುದು. 9 ವೋಲ್ಟ್‌ನ ರೂಟರ್‌ಗೆ 12 ವೋಲ್ಟ್ ಪಿನ್ ಚುಚ್ಚಬೇಡಿ. ಪಿನ್ ಸರಿಯಾಗಿ ಕೂರುತ್ತದೆ, ರೂಟರ್ ಸುಟ್ಟುಹೋಗಬಹುದು.

ದಾರಿ ಮೂರು: ವಿಲ್ಯಾನ್

ಒಂದೇ ರೂಟರ್, ಒಂದೇ ಕೇಬಲ್. ಅದರೊಳಗೇ ಮೂರು ಜಾಲ. ಪ್ರತಿ ಮಾಹಿತಿ ಪೊಟ್ಟಣಕ್ಕೂ ಒಂದು ಸಂಖ್ಯೆಯ ಚೀಟಿ ಅಂಟಿಸಿ ಕಳಿಸುವ ಈ ವಿಧಾನದ ಮಾನದಂಡದ ಹೆಸರು 802.1ಕ್ಯೂ, ಬಳಸಬಹುದಾದ ಸಂಖ್ಯೆ 1ರಿಂದ 4094. ಇದಕ್ಕೆ ವಿಲ್ಯಾನ್ ಬಲ್ಲ ರೂಟರ್ ಬೇಕು (ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶ ಹಾಕಬಹುದಾದ ಮಾದರಿಯಾದರೂ ಸರಿ), ಜೊತೆಗೆ ಟಿಪಿ-ಲಿಂಕ್‌ನ ಟಿಎಲ್-ಎಸ್‌ಜಿ105ಇ ಥರದ ಐದು ಪೋರ್ಟಿನ ಸ್ಮಾರ್ಟ್ ಸ್ವಿಚ್ (ಒಂದು ಲ್ಯಾನ್ ಕೇಬಲನ್ನು ಹಲವು ಉಪಕರಣಗಳಿಗೆ ಹಂಚುವ ಪೆಟ್ಟಿಗೆ). ಸಾದಾ ಸ್ವಿಚ್‌ನಲ್ಲಿ ಇದನ್ನು ಹೊಂದಿಸಲಾಗದು.

ನಡುಮನೆಯನ್ನು ವಿಲ್ಯಾನ್ 1ರಲ್ಲೇ ಬಿಡಿ. ದೊಡ್ಡ ಕಚೇರಿಗಳಲ್ಲಿ ಇದನ್ನು ಒಪ್ಪುವುದಿಲ್ಲ, ಆದರೆ ಮನೆಯಲ್ಲಿ ಹೀಗೆ ಮಾಡಿದರೆ ಸೆಟ್ಟಿಂಗ್ ಬದಲಿಸುವಾಗ ಸ್ವಿಚ್‌ನಿಂದ ಹೊರಗೆ ಬಿದ್ದು ಪೇಚಾಡುವುದು ತಪ್ಪುತ್ತದೆ. ಕೊಟ್ಟಿಗೆಗೆ 20, ಜಗಲಿಗೆ 30 ಕೊಡಿ. ವಿಳಾಸಗಳನ್ನು 192.168.10, 192.168.20, 192.168.30 ಸಾಲುಗಳಲ್ಲಿ ಇಟ್ಟರೆ ವಿಳಾಸ ನೋಡಿದೊಡನೆ ಉಪಕರಣ ಎಲ್ಲಿದೆ ಎಂದು ತಿಳಿಯುತ್ತದೆ.

ಸ್ವಿಚ್‌ನ 1ನೇ ಪೋರ್ಟ್ ರೂಟರ್‌ಗೆ: ವಿಲ್ಯಾನ್ 1 ಅನ್‌ಟ್ಯಾಗ್ಡ್ (ಚೀಟಿ ಇಲ್ಲದೆ), 20 ಮತ್ತು 30 ಟ್ಯಾಗ್ಡ್ (ಚೀಟಿಯೊಡನೆ). 2ನೇ ಪೋರ್ಟ್ ಡಿವಿಆರ್‌ಗೆ, 3ನೆಯದು ಟಿವಿಗೆ: 20 ಅನ್‌ಟ್ಯಾಗ್ಡ್. 4ನೆಯದು ಮನೆಯ ಕಂಪ್ಯೂಟರ್‌ಗೆ, ಏನನ್ನೂ ಬದಲಿಸಬೇಡಿ. 5ನೆಯದು ಮಹಡಿಗೆ ಹೋಗುವ ಕೇಬಲ್: 30 ಅನ್‌ಟ್ಯಾಗ್ಡ್. ಇಷ್ಟು ಮಾಡಿ ನಿಲ್ಲಿಸಿದರೆ ಡಿವಿಆರ್‌ಗೆ ಕೊಟ್ಟಿಗೆಯ ವಿಳಾಸವೇ ಸಿಗುವುದಿಲ್ಲ. ಏಕೆಂದರೆ ಇಲ್ಲಿಯವರೆಗೆ ಹೇಳಿದ್ದು ಸ್ವಿಚ್‌ನಿಂದ ಹೊರಬರುವ ಪೊಟ್ಟಣದ ವಿಷಯ. ಡಿವಿಆರ್‌ನಿಂದ ಸ್ವಿಚ್‌ಗೆ ಬರುವ ಪೊಟ್ಟಣ ಯಾವ ವಿಲ್ಯಾನ್‌ಗೆ ಸೇರಬೇಕು ಎಂದು ತೀರ್ಮಾನಿಸುವುದು 'ಪಿವಿಐಡಿ' ಎಂಬ ಬೇರೆ ಪುಟ. ಅಲ್ಲಿ 2 ಮತ್ತು 3ಕ್ಕೆ 20, 5ಕ್ಕೆ 30 ತುಂಬಿ. ಆಮೇಲೆ ವಿಲ್ಯಾನ್ 1ರ ಪಟ್ಟಿಯಿಂದ 2, 3, 5ನೇ ಪೋರ್ಟುಗಳನ್ನು ತೆಗೆಯಿರಿ. ನಿಮ್ಮ ಲ್ಯಾಪ್‌ಟಾಪ್ 4ನೇ ಪೋರ್ಟಿನಲ್ಲಿದ್ದರೆ ಸಂಪರ್ಕ ತಪ್ಪುವುದಿಲ್ಲ. ಕೆಲವು ಸ್ವಿಚ್‌ಗಳಲ್ಲಿ 'ಸೇವ್' ಒತ್ತದಿದ್ದರೆ ಕರೆಂಟ್ ಹೋದಾಗ ಎಲ್ಲವೂ ಅಳಿಸಿಹೋಗುತ್ತದೆ.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ 'ಬ್ರಿಡ್ಜ್ ವಿಲ್ಯಾನ್ ಫಿಲ್ಟರಿಂಗ್' ಆನ್ ಮಾಡುವಾಗಲೇ ಲ್ಯಾನ್ ಇಂಟರ್‌ಫೇಸಿನ ಡಿವೈಸನ್ನು 'ಬಿಆರ್-ಲ್ಯಾನ್'ನಿಂದ 'ಬಿಆರ್-ಲ್ಯಾನ್.1'ಕ್ಕೆ ಬದಲಿಸಿ, ಎರಡನ್ನೂ ಒಟ್ಟಿಗೆ ಅನ್ವಯಿಸಿ. ಒಂದನ್ನು ಬಿಟ್ಟರೆ ಪುಟ ಸಿಗುವುದಿಲ್ಲ. ಹಾಗಾದಾಗ ರೀಸೆಟ್ ಗುಂಡಿಗೆ ಕೈ ಹಾಕಬೇಡಿ, ಒಂದೆರಡು ನಿಮಿಷ ಸುಮ್ಮನಿರಿ. ಸಂಪರ್ಕ ಮರಳಿ ಸಿಗದಿದ್ದರೆ ಅದು ತಾನೇ ಹಳೆಯ ಸೆಟ್ಟಿಂಗ್‌ಗೆ ಹಿಂತಿರುಗುತ್ತದೆ.

ಫೈರ್‌ವಾಲ್‌ನಲ್ಲಿ ಕೊಟ್ಟಿಗೆ ಮತ್ತು ಜಗಲಿಗೆ ಬೇರೆ ಬೇರೆ 'ಝೋನ್' ಮಾಡಿ, ಎರಡಕ್ಕೂ ಇನ್‌ಪುಟ್ ರಿಜೆಕ್ಟ್, ಔಟ್‌ಪುಟ್ ಆಕ್ಸೆಪ್ಟ್, ಫಾರ್ವರ್ಡ್ ರಿಜೆಕ್ಟ್ ಇಡಿ. ನಡುಮನೆಯಿಂದ ಕೊಟ್ಟಿಗೆಗೆ ಫಾರ್ವರ್ಡಿಂಗ್ ಕೊಡಿ, ಹಿಂದಿರುಗಿ ಕೊಡಬೇಡಿ. ನೀವು ಕೇಳಿದ್ದಕ್ಕೆ ಡಿವಿಆರ್ ಕೊಡುವ ಉತ್ತರ ಒಳಗೆ ಬರುತ್ತದೆ, ತಾನಾಗಿ ಶುರು ಮಾಡಿದ ಮಾತು ಬರುವುದಿಲ್ಲ. ಫೈರ್‌ವಾಲ್ ಪ್ರತಿ ಸಂಪರ್ಕವನ್ನು ಆರಂಭಿಸಿದ್ದು ಯಾರು ಎಂದು ನೆನಪಿಟ್ಟಿರುತ್ತದೆ. ಎರಡೂ ಝೋನ್‌ಗೆ ವ್ಯಾನ್ ಕಡೆಗೆ ದಾರಿ ಬೇಕು. ಇನ್‌ಪುಟ್ ಮುಚ್ಚಿದ್ದರಿಂದ ರೂಟರ್‌ನ ಪುಟ ಬಾಡಿಗೆಯವರಿಗೆ ಸಿಗುವುದಿಲ್ಲ, ಆದರೆ ವಿಳಾಸ ಹಂಚುವ ಸೇವೆಯೂ ಮುಚ್ಚಿಹೋಗಿರುತ್ತದೆ. ವಿಳಾಸ ಹಂಚುವ ಯುಡಿಪಿ 67 ಮತ್ತು ಡಿಎನ್‌ಎಸ್‌ನ 53ನೇ ಪೋರ್ಟಿಗೆ (ಇಲ್ಲಿ ಪೋರ್ಟ್ ಎಂದರೆ ಸೇವೆಯನ್ನು ಗುರುತಿಸುವ ಸಂಖ್ಯೆ, ಕೇಬಲ್ ಚುಚ್ಚುವ ಜಾಗವಲ್ಲ) ಮಾತ್ರ ಅನುಮತಿಯ ನಿಯಮ ಸೇರಿಸಿ. ಫೋನಿನಲ್ಲಿ 'ಐಪಿ ವಿಳಾಸ ಪಡೆಯುತ್ತಿದೆ' ಎಂದು ಸುತ್ತುತ್ತಲೇ ಇದ್ದರೆ, ವಿಂಡೋಸ್‌ನಲ್ಲಿ 169.254ರಿಂದ ಶುರುವಾಗುವ ವಿಳಾಸ ಬಂದರೆ, 67 ಬಿಟ್ಟುಹೋಗಿದೆ. ವಿಳಾಸ ಬಂದು ತಾಣ ತೆರೆಯದಿದ್ದರೆ 53.

ಕಾಸ್ಟ್ ಮಾಡಲು ಫೋನು ಟಿವಿಯನ್ನು ಹುಡುಕುವುದು 224.0.0.251 ವಿಳಾಸಕ್ಕೆ, 5353 ಪೋರ್ಟಿನಲ್ಲಿ ಕೂಗಿ. ಈ ಕೂಗು ತನ್ನ ಜಾಲ ದಾಟುವುದಿಲ್ಲ. ಆವಾಹಿ ಎಂಬ ತಂತ್ರಾಂಶವನ್ನು ರೂಟರ್‌ಗೆ ಹಾಕಿ 'ರಿಫ್ಲೆಕ್ಟರ್' ಆನ್ ಮಾಡಿ, ಕೊಟ್ಟಿಗೆಯಿಂದ ರೂಟರ್‌ಗೆ ಯುಡಿಪಿ 5353ಕ್ಕೆ ಅನುಮತಿ ಕೊಟ್ಟರೆ ಕೂಗು ಆಚೆಗೂ ಕೇಳುತ್ತದೆ. ಪ್ರಿಂಟರನ್ನು ನಡುಮನೆಯಲ್ಲೇ ಇಟ್ಟಿರುವುದರಿಂದ ಅದಕ್ಕೆ ಈ ಕಸರತ್ತು ಬೇಡ. ವೈಫೈ ಹೆಸರುಗಳು ಮೂರಕ್ಕೇ ನಿಲ್ಲಲಿ. ಪ್ರತಿ ಹೆಸರೂ ಸೆಕೆಂಡಿಗೆ ಸುಮಾರು ಹತ್ತು ಬಾರಿ ತನ್ನನ್ನು ಸಾರಿಕೊಳ್ಳುವುದರಿಂದ ಹೆಚ್ಚಾದಷ್ಟೂ 2.4 ಗಿಗಾಹರ್ಟ್ಸ್ ಕಿಕ್ಕಿರಿಯುತ್ತದೆ.

ಡಿವಿಆರ್‌ಗೆ ಪ್ರತ್ಯೇಕ ಗಮನ

ಯಾವ ದಾರಿ ಹಿಡಿದರೂ ಡಿವಿಆರ್‌ನಲ್ಲಿ ಮತ್ತು ರೂಟರ್‌ನಲ್ಲಿ 'ಯುಪಿಎನ್‌ಪಿ' ಆರಿಸಿ. ಅದು ಆನ್ ಇದ್ದರೆ ಡಿವಿಆರ್ ನಿಮ್ಮನ್ನು ಕೇಳದೆ ಹೊರಗಿನಿಂದ ಒಳಗೆ ಬಾಗಿಲು ತೆಗೆಸಿಕೊಳ್ಳುತ್ತದೆ. ಅಳವಡಿಸಿದವರು ಇಟ್ಟುಹೋದ ಪಾಸ್‌ವರ್ಡ್ ಬದಲಿಸಿ.

ಊರಾಚೆಯಿಂದ ನೋಡುವ ಅಗತ್ಯವಿಲ್ಲದವರು ಡಿವಿಆರ್‌ಗೆ ಇಂಟರ್ನೆಟ್ಟನ್ನೇ ಕಡಿದುಬಿಡುತ್ತಾರೆ. ಒಳ್ಳೆಯದೇ, ಆದರೆ ಆಗ ಗಡಿಯಾರ ನಿಧಾನವಾಗಿ ಹಳಿ ತಪ್ಪುತ್ತದೆ. ಮನೆ ಮುಂದೆ ಬೈಕ್ ಕಳುವಾಗಿ ಠಾಣೆಗೆ ದೃಶ್ಯ ಕೊಡಬೇಕಾದಾಗ ಗಂಟೆಯೇ ತಪ್ಪಿದ್ದರೆ ಅದನ್ನು ನಂಬಿಸುವುದು ಕಷ್ಟ. ಸಮಯಕ್ಕಾಗಿ ಯುಡಿಪಿ 123 ಒಂದಕ್ಕೆ ಮಾತ್ರ ಅನುಮತಿ ಕೊಡಿ, ಅಥವಾ ಓಪನ್‌ಡಬ್ಲ್ಯುಆರ್‌ಟಿ ರೂಟರನ್ನೇ ಸಮಯದ ಸರ್ವರ್ ಮಾಡಿ ಡಿವಿಆರ್‌ನ ಎನ್‌ಟಿಪಿ ಜಾಗದಲ್ಲಿ 192.168.20.1 ಬರೆಯಿರಿ. ಹಾಗೆ ಮಾಡಿದರೆ ಕೊಟ್ಟಿಗೆಯಿಂದ ರೂಟರ್‌ಗೆ 123ಕ್ಕೂ ಅನುಮತಿ ಬೇಕು.

ಪರೀಕ್ಷೆ

ಪರೀಕ್ಷಿಸದ ಬೇಲಿಯನ್ನು ಬೇಲಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಫೋನನ್ನು ಜಗಲಿಗೆ ಸೇರಿಸಿ, ಮೊಬೈಲ್ ಡೇಟಾ ಆಫ್ ಮಾಡಿ. ಬ್ರೌಸರ್‌ನಲ್ಲಿ ಪ್ರಿಂಟರ್‌ನ ವಿಳಾಸ, ಡಿವಿಆರ್‌ನ ವಿಳಾಸ, ರೂಟರ್‌ನ ವಿಳಾಸ ಒಂದಾದ ಮೇಲೊಂದು ಹಾಕಿ. ಫಿಂಗ್‌ನಂಥ ಸ್ಕ್ಯಾನರ್ ಆ್ಯಪ್‌ನಿಂದಲೂ ಅದೇ ವಿಳಾಸಗಳನ್ನು ಪಿಂಗ್ ಮಾಡಿ, ಅಂದರೆ ಕರೆದು ಉತ್ತರ ಬರುತ್ತದೆಯೇ ನೋಡಿ. ಪುಟ ತೆರೆಯಬಾರದು, ಪಿಂಗ್‌ಗೆ ಉತ್ತರ ಬರಬಾರದು; ಎರಡನೆಯ ದಾರಿಯಲ್ಲಿ ಬಾಡಿಗೆಯವರಿಗೆ ಗೆಸ್ಟ್ ವೈಫೈ ಕೊಟ್ಟಿಲ್ಲದಿದ್ದರೆ ಮಾತ್ರ ಮೇಲೆ ಹೇಳಿದಂತೆ ಡಿವಿಆರ್ ಮತ್ತು ಫೈಬರ್ ಪೆಟ್ಟಿಗೆಯ ಪುಟ ಕಾಣುತ್ತವೆ. ವಿಳಾಸಗಳ ಸಾಲು ಬೇರೆ ಇದೆಯೆಂದ ಮಾತ್ರಕ್ಕೆ ಬೇಲಿ ಇದೆ ಎಂದಲ್ಲ; ಒಂದೇ ಇದೆಯೆಂದ ಮಾತ್ರಕ್ಕೆ ಇಲ್ಲವೆಂದೂ ಅಲ್ಲ. ಪಿಂಗ್ ಹೇಳಿದ್ದನ್ನು ನಂಬಿ.

ವಿಂಡೋಸ್ ಲ್ಯಾಪ್‌ಟಾಪನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಅದರ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸದೆ ಇರುವುದು ಸಾಮಾನ್ಯ. ಬೇಲಿ ಇಲ್ಲದಿದ್ದರೂ ಇದ್ದಂತೆ ಕಾಣುತ್ತದೆ. ಗುರಿಗೆ ಪ್ರಿಂಟರ್ ಒಳ್ಳೆಯದು, ಅದು ಯಾರು ಕರೆದರೂ ಓಗೊಡುತ್ತದೆ. ಮೊದಲು ನಡುಮನೆಯಿಂದ ಪ್ರಿಂಟರ್ ಉತ್ತರಿಸುತ್ತಿದೆ ಎಂದು ಖಚಿತ ಮಾಡಿಕೊಂಡು, ಆಮೇಲೆ ಜಗಲಿಯಿಂದ ಕರೆಯಿರಿ. ನಂತರ ಟಿವಿಯ ಕೇಬಲ್ ಕಳಚಿ ಅದೇ ತುದಿಗೆ ಲ್ಯಾಪ್‌ಟಾಪ್ ಚುಚ್ಚಿ, ಕೊಟ್ಟಿಗೆಯಿಂದಲೂ ಇದೇ ಪರೀಕ್ಷೆ ನಡೆಸಿ. ಈ ಕೇಬಲ್ ಪರೀಕ್ಷೆಯನ್ನು ಬಿಟ್ಟವರ ಮನೆಯಲ್ಲೇ ತೂತು ಉಳಿದಿರುತ್ತದೆ.

ಕೊನೆಗೆ ಒಂದು ಚೀಟಿ: ಪ್ರತಿ ಪೋರ್ಟಿಗೆ ಏನು ಹೋಗಿದೆ, ಯಾವ ಜಾಲಕ್ಕೆ ಯಾವ ವಿಳಾಸದ ಸಾಲು, ಡಿವಿಆರ್‌ನ ಕಾಯಂ ವಿಳಾಸ ಯಾವುದು ಎಂದು ಬರೆದು ಪೆಟ್ಟಿಗೆಯ ಪಕ್ಕ ಅಂಟಿಸಿ, ಪಾಸ್‌ವರ್ಡ್‌ಗಳನ್ನು ಮಾತ್ರ ಬೇರೆ ಕಡೆ ಇಡಿ. ಫೈಬರ್ ಸರಿಮಾಡಲು ಬಂದವರು ಪೆಟ್ಟಿಗೆ ಬದಲಿಸಿದಾಗ ಅಥವಾ ರೀಸೆಟ್ ಒತ್ತಿದಾಗ ಗೆಸ್ಟ್ ವೈಫೈ, ಕಾಯಂ ವಿಳಾಸ, ಹೊಸ ಪಾಸ್‌ವರ್ಡ್ ಎಲ್ಲ ಅಳಿಸಿ, ಯುಪಿಎನ್‌ಪಿ ಮತ್ತೆ ಆನ್ ಆಗಿರಬಹುದು. ಇಂಟರ್ನೆಟ್ ಮಾತ್ರ ಚೆನ್ನಾಗಿ ಬರುತ್ತಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅವರು ಗೇಟು ದಾಟಿದೊಡನೆ ಚೀಟಿ ಹಿಡಿದು ಸೆಟ್ಟಿಂಗ್ ಮರಳಿ ಹಾಕಿ, ಪ್ರಿಂಟರನ್ನು ಜಗಲಿಯಿಂದ ಇನ್ನೊಮ್ಮೆ ಪಿಂಗ್ ಮಾಡಿ.